ಎರಡು ಚಕ್ರಗಳ ನಡುವಣ ಧರ್ಮ

ಒಂದೇ ಕಾರ್ಯಕ್ಕೆ ತೊಡಗಿದ ಇಬ್ಬರು, ಅವರವರು ನಡೆಯಬೇಕಾದ ದಾರಿಯ ಉದ್ದ ಬೇರೆ ಬೇರೆಯಾಗಿರುವಾಗ, ಪರಸ್ಪರ ಎಷ್ಟು ಸ್ವತಂತ್ರರಾಗಿರಬೇಕು, ಎಷ್ಟು ಬದ್ಧರಾಗಿರಬೇಕು ಎಂಬುದು ಗೃಹಸ್ಥನನ್ನೂ ಮಠಾಧಿಪತಿಯನ್ನೂ ರಾಜ್ಯವನ್ನು ಕಟ್ಟುವವನನ್ನೂ ಸಮಾನವಾಗಿ ಕಾಡಿರುವ ಪ್ರಶ್ನೆ. ಮೋಕ್ಷವನ್ನು ಬಿಡುಗಡೆಯೆಂದು ಕರೆದು ಬಂಧವನ್ನು ದುಃಖದ ಮೂಲವೆಂದು ಬಗೆದ ದರ್ಶನಗಳ ನಾಡಿನಲ್ಲಿ ಬೆಳೆದ ನಾವು, ಬಂಧವು ಕಡಮೆಯಾದಷ್ಟೂ ಬಾಳು ಹಗುರಾಗುವುದೆಂದು ಸುಲಭವಾಗಿ ನಂಬುತ್ತೇವೆ. ಆದರೆ ಋಣ, ವ್ರತ, ದೀಕ್ಷೆ, ದಾಸೋಹ ಮೊದಲಾದ ಬಂಧಗಳನ್ನು ಸ್ವೇಚ್ಛೆಯಿಂದಲೇ ತಮಗೆ ತಾವು ವಿಧಿಸಿಕೊಂಡವರನ್ನು ಮಹಾತ್ಮರೆಂದು ಪೂಜಿಸಿದ್ದೂ ಇದೇ ನಾಡು. ಈ ವಿರೋಧವನ್ನು ಬರಿಯ ಮಾತಿನಲ್ಲಿ ಪರಿಹರಿಸಹೊರಟವರಿಗೆ ಮಾತೇ ತೊಡಕಾಗುವುದುಂಟು. ಆದುದರಿಂದ ಇದೇ ಪ್ರಶ್ನೆಯನ್ನು ಉಕ್ಕಿನಲ್ಲಿ ಎದುರಿಸಿದವರ ಅನುಭವವನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ. ಮೋಟಾರು ವಾಹನದ ಹಿಂದಿನ ಎರಡು ಚಕ್ರಗಳ ನಡುವೆ ಎಣ್ಣೆಯಲ್ಲಿ ಮಿಂದು ತಿರುಗುವ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಸಮೂಹವೂ, ಅದರ ಸ್ವಾತಂತ್ರ್ಯವನ್ನು ಮಿತಗೊಳಿಸುವುದಕ್ಕಾಗಿ ಪಂದ್ಯದ ಕಾರುಗಳಲ್ಲಿ ರೂಪುಗೊಂಡ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಎಂಬ ಅದರ ಪರಿಷ್ಕೃತ ರೂಪವೂ ನನ್ನ ವಿಚಾರಕ್ಕೆ ಆಧಾರ.

ಬೆಳಗಾವಿಯಲ್ಲಿದ್ದುಕೊಂಡು ಈ ವಿಷಯವನ್ನು ಚಿಂತಿಸುವುದು ಸಹಜವೇ ಆಗಿದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿ ಎಂಜಿನ್ನಿನ ಅಂಗಗಳಾಗುವ ಊರು ಇದು. ಇಲ್ಲಿಂದ ಖಾನಾಪುರ ತಾಲೂಕನ್ನು ಹೊಕ್ಕರೆ ಜಾಂಬೋಟಿ, ಕಣಕುಂಬಿಗಳನ್ನು ದಾಟಿ ಚೋರ್ಲಾ ಘಾಟಿನ ಮೂಲಕ ಗೋವೆಗೆ ಇಳಿಯುವ ದಾರಿಯೊಂದು, ಲೋಂಡೆಯ ಕಡೆಯಿಂದ ಅನಮೋಡ ಘಾಟಿನತ್ತ ಸಾಗುವ ದಾರಿ ಇನ್ನೊಂದು. ಸಹ್ಯಾದ್ರಿಯ ಇಂಥ ತಿರುವುಗಳಲ್ಲಿ ವಾಹನದ ಹೊರಗಿನ ಚಕ್ರ ದೊಡ್ಡ ವೃತ್ತದಲ್ಲಿಯೂ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿಯೂ ನಡೆಯಬೇಕು. ಎರಡು ಚಕ್ರಗಳ ನಡುವಣ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಬಂದ ದಿಕ್ಕಿಗೇ ಮುಖ ಮಾಡಿಸುವ ಪೂರ್ಣ ತಿರುವೊಂದರಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ದೂರ ಉರುಳುತ್ತದೆ. ತಿರುವು ಇಕ್ಕಟ್ಟಾಗಿದ್ದರೂ ವಿಶಾಲವಾಗಿದ್ದರೂ ಈ ವ್ಯತ್ಯಾಸ ಬದಲಾಗದು. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದರೆ ಈ 4.7 ಮೀಟರುಗಳ ಲೆಕ್ಕವನ್ನು ಯಾವುದಾದರೊಂದು ಚಕ್ರ ಉಜ್ಜಿಕೊಂಡು, ಎಳೆಸಿಕೊಂಡು, ಟೈರನ್ನು ಸವೆಸಿಕೊಂಡು ತೀರಿಸಬೇಕಾಗುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬ ಯಂತ್ರಶಿಲ್ಪಿ 1828ರಲ್ಲಿ ತನ್ನ ಉಗಿಬಂಡಿಗಾಗಿ ಡಿಫರೆನ್ಷಿಯಲ್ಲಿನ ಹಕ್ಕುಪತ್ರ ಪಡೆದುದು ಈ ಕಷ್ಟದ ನಿವಾರಣೆಗಾಗಿಯೇ.

ಆ ರಚನೆಯ ಒಳಗುಟ್ಟು ಇಷ್ಟು. ಎಂಜಿನ್ನಿನಿಂದ ಬಂದ ಶಕ್ತಿ ಕ್ರೌನ್ ಗಾಲಿಯ ಮೂಲಕ ಒಂದು ಕೋಶವನ್ನು ತಿರುಗಿಸುತ್ತದೆ. ಕೋಶದೊಳಗಿನ ಚಿಕ್ಕ ಸ್ಟಾರ್ ಪಿನಿಯನ್ನುಗಳು ಎಡಬಲದ ಎರಡು ಪಾರ್ಶ್ವಗಾಲಿಗಳನ್ನು ಏಕಕಾಲದಲ್ಲಿ ನೂಕುತ್ತವೆ. ಒಂದು ಚಕ್ರ ಎಷ್ಟು ನಿಧಾನವಾಗುವುದೋ ಇನ್ನೊಂದು ಅಷ್ಟೇ ತ್ವರಿತವಾಗುವುದು. ಎರಡರ ವೇಗದ ಸರಾಸರಿ ಕೋಶದ ವೇಗಕ್ಕೆ ಸಮನಾಗಿದ್ದರೆ ಸಾಕು. ವೇಗದ ವಿಷಯದಲ್ಲಿ ಇಷ್ಟು ಉದಾರವಾದ ಈ ಯಂತ್ರ, ಟಾರ್ಕ್ ಎನಿಸಿಕೊಳ್ಳುವ ತಿರುಗುಬಲದ ಹಂಚಿಕೆಯಲ್ಲಿ ಮಾತ್ರ ಅತ್ಯಂತ ನಿಷ್ಠುರವಾದ ಸಮತೆಯನ್ನು ಪಾಲಿಸುತ್ತದೆ: ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಪೂರ್ಣ ಸ್ವಾತಂತ್ರ್ಯವೂ ಪೂರ್ಣ ಸಮತೆಯೂ ಒಂದೆಡೆ ಕೂಡಿದ ಈ ವ್ಯವಸ್ಥೆಗಿಂತ ಮಿಗಿಲಾದುದನ್ನು ಯಾವ ನೀತಿಕಾರನೂ ಬಯಸಲಾರನೆಂದು ಮೊದಲ ನೋಟಕ್ಕೆ ತೋರುತ್ತದೆ.

ಆದರೆ ಆಷಾಢದ ಮಳೆ ಹಿಡಿದಾಗ ಕಣಕುಂಬಿಯ ಸುತ್ತಿನ ಕೆಮ್ಮಣ್ಣಿನ ದಾರಿಗಳಲ್ಲಿ ಈ ಸಮತೆಯ ಸತ್ವ ಪರೀಕ್ಷೆಗೊಳಗಾಗುತ್ತದೆ. ವಾಹನದ ಎಡಚಕ್ರ ರಾಡಿಯಲ್ಲಿಯೂ ಬಲಚಕ್ರ ಗಟ್ಟಿನೆಲದಲ್ಲಿಯೂ ನಿಂತಿವೆಯೆಂದು ಭಾವಿಸೋಣ. ರಾಡಿಯಲ್ಲಿರುವ ಚಕ್ರ ಜಾರದೆ 100 ನ್ಯೂಟನ್‌ಮೀಟರ್ ಬಲವನ್ನು ಮಾತ್ರ ತಾಳಬಲ್ಲುದು, ಗಟ್ಟಿನೆಲದ ಚಕ್ರ 1000ವನ್ನೂ ತಾಳಬಲ್ಲುದು. ಸಮಪಾಲಿನ ನಿಯಮದಂತೆ ಸಮರ್ಥವಾದ ಚಕ್ರಕ್ಕೂ ದೊರೆಯುವುದು 100 ಮಾತ್ರ. ಚಾಲಕನು ಎಷ್ಟು ಒತ್ತಿದರೂ ಅಶಕ್ತ ಚಕ್ರ ವ್ಯರ್ಥವಾಗಿ ಗಿರ್ರನೆ ಸುತ್ತುವುದು, ಶಕ್ತ ಚಕ್ರ ಕದಲದೆ ನಿಲ್ಲುವುದು. ಶಕ್ತಿಯೂ ಇದೆ, ಅದನ್ನು ನೆಲಕ್ಕೆ ಮುಟ್ಟಿಸಬಲ್ಲ ಪಾದವೂ ಇದೆ, ಆದರೂ ನಡೆಯಿಲ್ಲ. ಪರಸ್ಪರ ಯಾವ ಹೊಣೆಯೂ ಇಲ್ಲದ ಸ್ವತಂತ್ರರ ಸಂಘದಲ್ಲಿ ಇಡೀ ಸಂಘದ ಸಾಮರ್ಥ್ಯವನ್ನು ನಿರ್ಣಯಿಸುವವನು ಅತ್ಯಂತ ಜಾರುವವನೇ ಎಂಬ ಕಟುಸತ್ಯ ಇಲ್ಲಿ ಗೋಚರವಾಗುತ್ತದೆ. ಸ್ವಾತಂತ್ರ್ಯವು ತಾನಾಗಿ ಯಾರನ್ನೂ ಬಿಡುಗಡೆ ಮಾಡಲಿಲ್ಲ; ಗಟ್ಟಿನೆಲದ ಮೇಲಿದ್ದವನನ್ನು ಕೆಸರಿನಲ್ಲಿದ್ದವನ ಗತಿಗೆ ತಂದಿತು.

ಇದಕ್ಕೆ ತತ್ಕ್ಷಣ ಹೊಳೆಯುವ ಪರಿಹಾರ ಇನ್ನೊಂದು ತುದಿಯದು. ಖಾನಾಪುರದ ಭತ್ತದ ಗದ್ದೆಗಳಲ್ಲಿ ಕೆಸರು ಹದಮಾಡುವ ಟ್ರ್ಯಾಕ್ಟರುಗಳಲ್ಲಿ ಹಿಮ್ಮಡಿಯಿಂದ ಒತ್ತುವ ಡಿಫರೆನ್ಷಿಯಲ್ ಲಾಕಿನ ಪೆಡಲ್ ಇರುತ್ತದೆ. ಒತ್ತಿದೊಡನೆ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಂತಾಗಿ, ಒಂದು ಜಾರಿದರೂ ಇನ್ನೊಂದು ಎಳೆದುಕೊಂಡು ಹೋಗುತ್ತದೆ. ಆದರೆ ಬದುವಿನ ಬಳಿ ತಿರುಗಿಸುವ ಮುನ್ನ ಆ ಕಾಲನ್ನು ತೆಗೆಯಲೇಬೇಕೆಂಬುದು ಟ್ರ್ಯಾಕ್ಟರ್ ಹೊಡೆಯುವ ರೈತನು ಮೊದಲು ಕಲಿಯುವ ಪಾಠ; ಬಿಗಿದ ಚಕ್ರಗಳು ನೇರವಾಗಿ ಮಾತ್ರ ಸಾಗಬಯಸುತ್ತವೆ, ಬಲವಂತದಿಂದ ತಿರುಗಿಸಿದರೆ ಅಚ್ಚಿನ ಅಂಗಗಳೇ ಮುರಿಯಬಹುದು. ಪಂದ್ಯದ ಗೋ-ಕಾರ್ಟುಗಳಲ್ಲಿ ಡಿಫರೆನ್ಷಿಯಲ್ ಇರುವುದೇ ಇಲ್ಲ. ಅದರ ಹಿಂದಿನ ಅಚ್ಚು ಅಖಂಡ. ಆದುದರಿಂದ ಪ್ರತಿ ತಿರುವಿನಲ್ಲಿಯೂ ಒಳಗಿನ ಹಿಂಚಕ್ರವನ್ನು ನೆಲದಿಂದ ಅಷ್ಟಿಷ್ಟು ಎತ್ತುವಂತೆ ಅದರ ಮುಂಭಾಗದ ಜ್ಯಾಮಿತಿಯನ್ನೂ ಚೌಕಟ್ಟಿನ ಬಾಗುವಿಕೆಯನ್ನೂ ಅಳವಡಿಸಿರುತ್ತಾರೆ. ಅರ್ಥಾತ್ ಸಂಪೂರ್ಣ ಐಕ್ಯವು ತಿರುವಿನಲ್ಲಿ ಉಳಿಯಬೇಕಾದರೆ ಇಬ್ಬರಲ್ಲಿ ಒಬ್ಬನು ಆ ಕ್ಷಣಕ್ಕೆ ಭೂಸ್ಪರ್ಶವನ್ನೇ ತ್ಯಜಿಸಬೇಕು. ದಾರಿ ನೇರವಾಗಿರುವ ತನಕ ಏಕಮತವು ಬಲವೆನಿಸುತ್ತದೆ. ದಾರಿ ತಿರುಗಿದೊಡನೆ ಅದು ಹಿಂಸೆಯಾಗುತ್ತದೆ.

ಐದನೆಯ ಶತಮಾನದ ಕದಂಬರು ಈ ಸತ್ಯವನ್ನು ಕಂಡುಕೊಂಡಿದ್ದರೆನ್ನಬೇಕು. ಇಂದಿನ ಖಾನಾಪುರ ತಾಲೂಕಿನ ಹಲಸಿ ಅಂದು ಪಲಾಶಿಕಾ ಎನಿಸಿದ್ದಾಗ, ಮೃಗೇಶವರ್ಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಭಿನ್ನಾಚಾರದ ಮೂರು ಜೈನ ಸಂಘಗಳಿಗೂ ಒಟ್ಟಾಗಿ ಭೂಮಿಯನ್ನು ದತ್ತಿಮಾಡಿದನು. ಮೂವರೂ ಒಂದೇ ಆಚಾರಕ್ಕೆ ಬರಬೇಕೆಂದು ಅವನು ಬಿಗಿಯಲಿಲ್ಲ. ಅವರವರ ದಾರಿ ಅವರವರಿಗೆಂದು ಸಂಬಂಧವನ್ನು ಕಡಿದುಹಾಕಲೂ ಇಲ್ಲ. ಆಚಾರವನ್ನು ಅವರವರಿಗೆ ಬಿಟ್ಟು ಆಶ್ರಯವನ್ನು ಒಂದಾಗಿಸಿದನು. ಬಿಗಿಯುವುದು, ಕಡಿದುಹಾಕುವುದು ಇವೆರಡರ ನಡುವಣ ನೆಲೆ ಯಾವುದು, ಅದರ ಅಳತೆ ಹೇಗೆ ಎಂಬುದೇ ನಮ್ಮ ಪ್ರಶ್ನೆಯ ತಿರುಳು.

ಪಂದ್ಯದ ಕಾರು ಈ ಅಳತೆಯನ್ನು ಹುಡುಕಲೇಬೇಕಾಯಿತು. ಫರ್ಡಿನೆಂಡ್ ಪೋರ್ಷೆ ರೂಪಿಸಿದ ಆಟೋ ಯೂನಿಯನ್ ಪಂದ್ಯದ ಕಾರುಗಳ 16 ಸಿಲಿಂಡರಿನ ಎಂಜಿನ್ ಎಷ್ಟು ಪ್ರಬಲವಾಗಿತ್ತೆಂದರೆ ಗಂಟೆಗೆ 160 ಕಿಲೋಮೀಟರ್ ವೇಗದವರೆಗೂ ಹಿಂದಿನ ಒಂದು ಚಕ್ರ ನೆಲದ ಹಿಡಿತ ತಪ್ಪಿ ಸುತ್ತುತ್ತಿತ್ತು. 1935ರಲ್ಲಿ ಜರ್ಮನಿಯ ಜೆಡ್‌ಎಫ್ ಸಂಸ್ಥೆ ಪೋರ್ಷೆಯ ಕೋರಿಕೆಯಂತೆ ಅದಕ್ಕೆ ಮಿತಿ ಹಾಕುವ ಡಿಫರೆನ್ಷಿಯಲನ್ನು ರಚಿಸಿತು. ಇಂದು ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಕೋಶದೊಳಗೆ ಕ್ಲಚ್ಚಿನ ತೆಳುಬಿಲ್ಲೆಗಳ ಸಾಲಿದ್ದು, ಎಂಜಿನ್ನಿನ ಬಲ ಹೆಚ್ಚಿದಂತೆ ಅವು ಪರಸ್ಪರ ಒತ್ತಲ್ಪಟ್ಟು ಎರಡು ಚಕ್ರಗಳ ವೇಗಭೇದವನ್ನು ಘರ್ಷಣೆಯಿಂದ ತಡೆಯುತ್ತವೆ. ತತ್ಪರಿಣಾಮವಾಗಿ ವೇಗವಾಗಿ ತಿರುಗುವ ಚಕ್ರದಿಂದ ನಿಧಾನವಾಗಿ ತಿರುಗುವ ಚಕ್ರಕ್ಕೆ ಬಲ ಹರಿದುಹೋಗುತ್ತದೆ.

ಈ ಒಂದೇ ನಿಯಮ ತಿರುವಿನ ಬೇರೆ ಬೇರೆ ಘಟ್ಟಗಳಲ್ಲಿ ಬೇರೆ ಬೇರೆ ಫಲ ಕೊಡುವುದನ್ನು ಗಮನಿಸಬೇಕು. ತಿರುವಿನೊಳಕ್ಕೆ ಹೊಗುವಾಗ ಹೊರಚಕ್ರವು ಒಳಚಕ್ರಕ್ಕಿಂತ ವೇಗವಾಗಿರುವುದರಿಂದ, ಬಂಧ ಬಿಗಿಯಾಗಿದ್ದರೆ ಬಲವು ಒಳಚಕ್ರದ ಕಡೆಗೆ ಹೋಗಿ ಕಾರಿನ ಮೂತಿಯನ್ನು ತಿರುವಿನಿಂದಾಚೆ ನೂಕುತ್ತದೆ. ಸ್ಟಿಯರಿಂಗನ್ನೆಷ್ಟು ತಿರುಗಿಸಿದರೂ ಕಾರು ನೇರಕ್ಕೇ ಸಾಗಬಯಸುವ ಈ ಮೊಂಡುತನವನ್ನು ಚಾಲಕರು ಅಂಡರ್‌ಸ್ಟಿಯರ್ ಎನ್ನುತ್ತಾರೆ. ಬಲವಾಗಿ ಬ್ರೇಕು ಹಾಕುವಾಗ ಅದೇ ಬಂಧವು ಹಿಂಭಾಗ ತೊನೆಯದಂತೆ ಹಿಡಿದು ಕಾರಿಗೆ ಸ್ಥೈರ್ಯವನ್ನು ಕೊಡುತ್ತದೆ. ತಿರುವಿನಿಂದ ಹೊರಬೀಳುವಾಗ ಕಾರಿನ ಭಾರವೆಲ್ಲ ಹೊರಮಗ್ಗುಲಿಗೆ ವಾಲಿ ಒಳಚಕ್ರ ಹಗುರಾಗಿರುತ್ತದೆ. ಚಾಲಕನು ಶಕ್ತಿ ಕೊಟ್ಟೊಡನೆ ಅದು ಜಾರತೊಡಗಿ ಹೊರಚಕ್ರಕ್ಕಿಂತ ವೇಗವಾಗುತ್ತದೆ. ಈಗ ಬಲ ಹೊರಚಕ್ರಕ್ಕೆ ಹರಿದು, ಕಾರನ್ನು ತಿರುವಿನ ಕಡೆಗೇ ತಿರುಗಿಸುತ್ತ, ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ಮುನ್ನಡೆಯಾಗಿ ಪರಿವರ್ತಿಸುತ್ತದೆ. ಆದುದರಿಂದಲೇ ಜಾಣ ಯಂತ್ರಜ್ಞನು ಬಂಧವನ್ನು ಒಂದೇ ಬಿಗಿಯಲ್ಲಿಡದೆ, ವೇಗವರ್ಧನೆಯಲ್ಲಿ ಇಷ್ಟು, ನಿಧಾನಿಸುವಾಗ ಇಷ್ಟು ಎಂದು ಬೇರೆ ಬೇರೆ ಅಳತೆಗಳಲ್ಲಿ ನೆಲೆಗೊಳಿಸುತ್ತಾನೆ. ದೇಶಕಾಲಪಾತ್ರಗಳನ್ನು ಅರಿತು ವಿಧಿಸಿದುದೇ ಧರ್ಮವೆಂದ ನಮ್ಮ ಹಿರಿಯರ ವಿವೇಕ ಇಲ್ಲಿ ಅಳತೆಗೋಲಿಗೆ ಸಿಕ್ಕುವಷ್ಟು ಸ್ಪಷ್ಟವಾಗಿದೆ.

ಬಂಧದ ಬೆಲೆಯನ್ನೂ ಮುಚ್ಚಿಡಲಾಗದು. ಟೈರಿಗಿರುವ ಹಿಡಿತ ಒಂದು ಮಿತವಾದ ನಿಧಿ. ಅದನ್ನು ಮುನ್ನೂಕುವುದಕ್ಕೆ ಎಷ್ಟು ವ್ಯಯಿಸಿದರೆ ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೆ ಅಷ್ಟು ಕಡಮೆ ಉಳಿಯುವುದು. ಬಂಧವಿಲ್ಲದ ಕಾರಿನಲ್ಲಿ ಅತಿಯಾಗಿ ಶಕ್ತಿ ಕೊಟ್ಟರೆ ಒಳಚಕ್ರವೊಂದೇ ಸುತ್ತಿ ಸೋಲುತ್ತದೆ, ಹೊರಚಕ್ರ ತನ್ನ ಸಾಲನ್ನು ಬಿಡದೆ ಕಾರನ್ನು ಕಾಯುತ್ತದೆ. ಬಂಧವಿರುವ ಕಾರಿನಲ್ಲಿ ಮಿತಿಮೀರಿದರೆ ಎರಡೂ ಚಕ್ರಗಳು ಒಮ್ಮೆಗೇ ಜಾರಿ ಹಿಂಭಾಗವೆಲ್ಲ ಹೊರಕ್ಕೆ ಬೀಸುತ್ತದೆ. ಕೂಡಿ ಗೆಲ್ಲುವವರು ಕೂಡಿಯೇ ಸೋಲುವ ಸಂಭವಕ್ಕೂ ಒಪ್ಪಿರಬೇಕು. ಪರರ ಹೊಣೆ ಹೊತ್ತವನ ಕಾಲು ಜಾರಿದರೆ ಅವನೊಬ್ಬನೇ ಬೀಳುವುದಿಲ್ಲ. ಈ ಭಯದಿಂದ ಹೊಣೆಯನ್ನೇ ಬಿಟ್ಟವನು ಸುರಕ್ಷಿತನಾಗಿರಬಹುದು, ಮುನ್ನಡೆದವನಂತೂ ಅಲ್ಲ.

ಜಾರುವವನನ್ನು ತಡೆಯುವ ಬಗೆಗಳಲ್ಲಿಯೂ ತಾರತಮ್ಯವುಂಟು. ಈಚಿನ ಅನೇಕ ವಾಹನಗಳಲ್ಲಿ ಜಾರುವ ಚಕ್ರಕ್ಕೆ ವಿದ್ಯುನ್ಮಾನ ವ್ಯವಸ್ಥೆ ತಾನಾಗಿ ಬ್ರೇಕು ಹಾಕುತ್ತದೆ. ಇದು ದಂಡಮಾರ್ಗ, ಕೆಲಸ ಸಾಗುತ್ತದೆಯಾದರೂ ಗಳಿಸಿದ ಶಕ್ತಿಯ ಒಂದಂಶ ಶಾಖವಾಗಿ ಸುಟ್ಟುಹೋಗುತ್ತದೆ. ದಪ್ಪನೆಯ ಸಿಲಿಕೋನ್ ದ್ರವದಲ್ಲಿ ತಟ್ಟೆಗಳನ್ನು ಮುಳುಗಿಸಿದ ವಿಸ್ಕಸ್ ಬಗೆಯು, ಒಂದು ಚಕ್ರ ಇನ್ನೊಂದಕ್ಕಿಂತ ಸಾಕಷ್ಟು ವೇಗವಾಗಿ ತಿರುಗಿದ ಮೇಲೆಯೇ ಬಿಗಿಯಾಗುತ್ತದೆ. ಇದು ತಪ್ಪಿನ ತರುವಾಯದ ಪ್ರಾಯಶ್ಚಿತ್ತ. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಹಕ್ಕುಪತ್ರ ಪಡೆದ, ಟಾರ್ಸೆನ್ ಎಂದು ಪ್ರಸಿದ್ಧವಾದ ಬಗೆಯಲ್ಲಿ ಹಲ್ಲುಗಾಲಿಗಳ ಒಳಘರ್ಷಣೆಯೇ ಕಾವಲಾಗಿದ್ದು, ಚಕ್ರ ಜಾರುವ ಮೊದಲೇ, ಹಿಡಿತ ಸಡಿಲಿದ ಕ್ಷಣದಲ್ಲಿಯೇ ಬಲವು ಇನ್ನೊಂದು ಕಡೆಗೆ ಸರಿಯುತ್ತದೆ. ದಂಡಕ್ಕಿಂತ ಪ್ರಾಯಶ್ಚಿತ್ತವೂ, ಪ್ರಾಯಶ್ಚಿತ್ತಕ್ಕಿಂತ ಅಂತರಂಗದ ಸಂಯಮವೂ ಮೇಲೆಂದು ಹೇಳುವ ನೀತಿಶಾಸ್ತ್ರಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನ ದುರ್ಲಭ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪವೇಳುತ್ತದೆ. ಹಿಡಿತವಿರುವ ಚಕ್ರಕ್ಕೆ ಹೆಚ್ಚು, ಹಿಡಿತ ತಪ್ಪಿದ ಚಕ್ರಕ್ಕೆ ಕಡಮೆ ಎಂಬುದು ಉಳ್ಳವರಿಗೇ ಇನ್ನಷ್ಟು ನೀಡಿ ಇಲ್ಲದವರನ್ನು ಕೈಬಿಡುವ ನೀತಿಯಲ್ಲವೇ? ಚಕ್ರಕ್ಕೆ ದೊರೆಯುವ ತಿರುಗುಬಲವನ್ನು ಭೋಗವೆಂದು ತಿಳಿದರೆ ಆಕ್ಷೇಪ ನಿಜವೇ. ಆದರೆ ಅದು ಭೋಗವಲ್ಲ, ಭಾರ. ಕಾರಿನ ಒಟ್ಟು ತೂಕವನ್ನು ಮುಂದಕ್ಕೆ ಎಳೆಯುವ ಕರ್ತವ್ಯವೇ ಬಲದ ರೂಪದಲ್ಲಿ ಚಕ್ರಕ್ಕೆ ಬರುತ್ತದೆ. ಅದನ್ನು ಹೊರಬಲ್ಲವನು ಹೆಚ್ಚು ಹೊರುತ್ತಾನೆ, ಹೊರಲಾರದವನಿಗೆ ಹೊರೆ ಇಳಿಯುತ್ತದೆ, ಇಬ್ಬರೂ ಒಂದೇ ಕಾಲಕ್ಕೆ ಊರು ಸೇರುತ್ತಾರೆ. ಹೊರೆ ಇಳಿದ ಚಕ್ರ ವ್ಯರ್ಥವಾಗಿ ಸುತ್ತುವುದು ನಿಂತು ಪಕ್ಕದ ಹಿಡಿತವನ್ನು ಮರಳಿ ಪಡೆಯುವುದೂ ಉಂಟು. ಸಮಪಾಲು ಬೇಕಾದುದು ಫಲದಲ್ಲಿ; ಭಾರದಲ್ಲಿ ಬೇಕಾದುದು ಯಥಾಶಕ್ತಿ.

ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂದು ಆಚರಿಸಿದುದು ಈ ತತ್ತ್ವವನ್ನೇ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮವು ಬಸವಣ್ಣನವರ ಸಾಧನೆಯ ಕ್ಷೇತ್ರ. ಕಲ್ಯಾಣದ ವಿಪ್ಲವದ ನಂತರ ಉಳವಿಯ ಕಡೆಗೆ ನಡೆದ ಶರಣರ ದಾರಿಯೂ ಈ ಸೀಮೆಯನ್ನೇ ಹಾದುಹೋಯಿತು. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಚರ್ಮ ಹದಗೊಳಿಸುವ ಕಾಯಕದ ಆ ಶರಣರು, ವಚನದ ಕಟ್ಟುಗಳನ್ನೂ ಜೊತೆಗಾರರನ್ನೂ ಮುಂದೆ ಸಾಗಗೊಟ್ಟು, ಬೆನ್ನಟ್ಟಿದ ಸೈನ್ಯವನ್ನು ತಾವು ತಡೆದು ನಿಂತರೆಂದು ಪರಂಪರೆ ಹೇಳುತ್ತದೆ. ಆ ದಾರಿಯಲ್ಲಿ ಎಲ್ಲರ ಪಾಲಿಗೂ ಸಮಾನವಾದ ಹೊರೆ ಬಂದಿರಲಿಲ್ಲ. ಹೊರಬಲ್ಲವರು ಹೊತ್ತರು, ಮತ್ತು ಆ ಕಾರಣದಿಂದಲೇ ವಚನಗಳು ಎಲ್ಲರ ಪಾಲಿಗೂ ಸಮಾನವಾಗಿ ಉಳಿದುವು. ಹುಟ್ಟಿನಿಂದ ಕೀಳೆಂದು ಎಣಿಸಲ್ಪಟ್ಟ ಕುಲದವರು ಅತ್ಯಂತ ಗುರುತರವಾದ ಭಾರವನ್ನು ಹೊತ್ತರೆಂಬುದು, ಯಾರಲ್ಲಿ ಹಿಡಿತವಿದೆಯೆಂಬುದನ್ನು ಲೋಕದ ತಕ್ಕಡಿಯಿಂದ ತೂಗಬಾರದೆಂಬುದನ್ನೂ ಕಲಿಸುತ್ತದೆ.

ಟಾರ್ಸೆನ್ ಬಗೆಯನ್ನು ಸಂಯಮದ ಮಾದರಿಯೆಂದು ಹೊಗಳಿದೆನಷ್ಟೆ. ಅದರಲ್ಲಿಯೂ ಒಂದು ಕೊರತೆಯಿದೆ, ಮತ್ತು ಈ ವಿಚಾರದಲ್ಲಿ ನನಗೆ ಪರಮಮುಖ್ಯವಾಗಿ ತೋರುವ ಅಂಶವೂ ಅದೇ. ಅದು ಅಶಕ್ತ ಚಕ್ರ ತಾಳುವ ಬಲವನ್ನು ಒಂದು ಪ್ರಮಾಣದಿಂದ ಗುಣಿಸಿ ಶಕ್ತ ಚಕ್ರಕ್ಕೆ ಕೊಡುತ್ತದೆ. ಪ್ರಮಾಣ ಮೂರೆಂದಾದರೆ, ಅಲ್ಲಿ 100 ಇದ್ದರೆ ಇಲ್ಲಿ 300. ಆದರೆ ಒಂದು ಚಕ್ರ ಸಂಪೂರ್ಣವಾಗಿ ಗಾಳಿಯಲ್ಲಿ ತೂಗಿದಾಗ ಅದು ತಾಳುವ ಬಲ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ, ಕಾರು ನಿಂತಲ್ಲೇ ನಿಲ್ಲುತ್ತದೆ. ಇನ್ನೊಬ್ಬನಲ್ಲಿ ಏನಾದರೂ ಇರುವ ತನಕ ಮಾತ್ರ ಕೆಲಸ ಮಾಡುವ ಬಂಧವು ಅವನಲ್ಲಿ ಏನೂ ಇಲ್ಲವಾದ ದಿನ, ಅಂದರೆ ಅದರ ಅಗತ್ಯ ಪರಮಾವಧಿಗೇರಿದ ದಿನವೇ, ಕೈಬಿಡುತ್ತದೆ. ಈ ದೋಷವನ್ನು ನೀಗಲು ಯಂತ್ರಜ್ಞರು ಪ್ರೀಲೋಡ್ ಎಂಬ ಉಪಾಯವನ್ನು ಬಳಸುತ್ತಾರೆ: ಕೋಶದೊಳಗೆ ಸ್ಪ್ರಿಂಗುಗಳನ್ನಿಟ್ಟು, ಯಾವ ಬಲವೂ ಬರುವ ಮುನ್ನವೇ, ಯಾವ ಚಕ್ರವೂ ಜಾರುವ ಮುನ್ನವೇ, ಎರಡನ್ನೂ ಅಲ್ಪಪ್ರಮಾಣದಲ್ಲಿ ಸದಾ ಬೆಸೆದಿರುತ್ತಾರೆ. ಈ ಅಲ್ಪಬಂಧವು ಯಾವ ಷರತ್ತನ್ನೂ ಒಡ್ಡುವುದಿಲ್ಲ. ಸೊನ್ನೆಯಾದವನ ಜೊತೆಗೂ ಅದು ಇರುತ್ತದೆ.

ಸಮಾಜದಲ್ಲಿ ಇಂಥ ನಿರ್ಹೇತುಕ ಬಂಧವನ್ನು ಸ್ಥಾಪಿಸುವ ಯತ್ನವೊಂದು ಬೆಳಗಾವಿಯಲ್ಲಿಯೇ ನಡೆಯಿತು. 1924ರ ಡಿಸೆಂಬರಿನಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದ ಸಿದ್ಧತೆಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನವು ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಶಾಸನಸಭೆಗಳನ್ನು ಪ್ರವೇಶಿಸಬೇಕೆಂಬ ಸ್ವರಾಜ್ಯಪಕ್ಷದವರೂ ಅಸಹಕಾರದಿಂದ ಕದಲಬಾರದೆಂಬ ಪರಿವರ್ತನವಿರೋಧಿಗಳೂ ಅಂದು ಒಂದೇ ಸಂಸ್ಥೆಯ ಎರಡು ಚಕ್ರಗಳಾಗಿ ಬೇರೆ ಬೇರೆ ದಾರಿ ಹಿಡಿದಿದ್ದರು. ಗಾಂಧೀಜಿಯವರು ಅವರನ್ನು ಒಂದೇ ಮಾರ್ಗಕ್ಕೆ ಬಿಗಿಯಲೂ ಇಲ್ಲ, ಅಗಲಲು ಬಿಡಲೂ ಇಲ್ಲ. ಸ್ವರಾಜ್ಯಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಸಭೆಗಳಲ್ಲಿ ದುಡಿಯಲೆಂದು ಒಪ್ಪಿ, ಪಕ್ಷ ಯಾವುದಾದರೂ ಸರಿ, ಪ್ರತಿ ಸದಸ್ಯನೂ ತಿಂಗಳಿಗೆ 2,000 ಗಜ ಕೈನೂಲನ್ನು ಸಲ್ಲಿಸಬೇಕೆಂಬ ಚಿಕ್ಕದಾದರೂ ಎಲ್ಲರಿಗೂ ಸಮಾನವಾದ ನಿಯಮವನ್ನು ಅಧಿವೇಶನವು ಅಂಗೀಕರಿಸುವಂತೆ ಮಾಡಿದರು. ಅಭಿಪ್ರಾಯದಲ್ಲಿ ಸ್ವಾತಂತ್ರ್ಯ, ನಿತ್ಯದ ಆಚರಣೆಯಲ್ಲಿ ಅಲ್ಪಬಂಧ. ಈ ನಿಯಮ ವರ್ಷಕಾಲವೂ ನಿಲ್ಲಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ನೂಲಿಗೆ ಬದಲು ನಾಲ್ಕಾಣೆಯನ್ನೂ ಸಲ್ಲಿಸಬಹುದೆಂದು ಸಡಿಲಿಸಿತು. ನಿತ್ಯಬಂಧವನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಇದು ತೋರಿಸುತ್ತದೆ. ಅದು ಅನಾವಶ್ಯಕವೆಂಬುದನ್ನು ತೋರಿಸುವುದಿಲ್ಲ.

ಕಷ್ಟಕ್ಕೆ ಕಾರಣವೂ ಸ್ಪಷ್ಟ. ಒಣಗಿದ ನೇರದಾರಿಯಲ್ಲಿ ಪ್ರೀಲೋಡಿನಿಂದ ಯಾವ ಲಾಭವೂ ತೋರದು. ಮೆಲ್ಲನೆ ತಿರುಗಿಸುವಾಗ ಸ್ಟಿಯರಿಂಗ್ ತುಸು ಮೊಂಡಾಗುವುದು, ಟೈರು ತುಸು ಹೆಚ್ಚು ಸವೆಯುವುದು, ಇವಷ್ಟೇ ಕಾಣುವುವು. ಸ್ಪ್ರಿಂಗು ಕಾಲಕ್ರಮದಲ್ಲಿ ಬಲಗುಂದುತ್ತದೆ, ಬಿಲ್ಲೆಗಳು ತೆಳ್ಳಗಾಗುತ್ತವೆ, ತಕ್ಕ ಎಣ್ಣೆಯಿಲ್ಲದಿದ್ದರೆ ಅವು ನಡುಗಿ ಕೂಗುತ್ತವೆ. ಆಗಾಗ ಬಿಚ್ಚಿ ಅಳೆದು ಮರಳಿ ಜೋಡಿಸದ ಬಂಧವು ಹೆಸರಿಗಷ್ಟೇ ಉಳಿಯುತ್ತದೆ. ಮನೆತನದ ಪ್ರೀತಿ, ನೆರೆಹೊರೆಯ ಸೌಹಾರ್ದ, ಎರಡು ನುಡಿಗಳು ಒಂದೇ ಓಣಿಯಲ್ಲಿ ಬಾಳುವ ಈ ಊರಿನ ಸಹಜೀವನ, ಇವೆಲ್ಲವೂ ಇದೇ ಜಾತಿಯವು: ಸುಖದ ದಿನಗಳಲ್ಲಿ ಅನಗತ್ಯವಾದ ವೆಚ್ಚದಂತೆ ಕಾಣುವಂಥವು, ಪಾಲಿಸದಿದ್ದರೆ ಸದ್ದಿಲ್ಲದೆ ಸವೆಯುವಂಥವು.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರವಿದು. ಬೇರೆ ಬೇರೆ ದಾರಿಯವರು ತಂತಮ್ಮ ವೇಗದಲ್ಲಿ ನಡೆಯುವ ಸ್ವಾತಂತ್ರ್ಯವನ್ನು ಪಡೆದಿರಬೇಕು; ಒಬ್ಬನ ಹಿಡಿತ ಸಡಿಲಿದಾಗ ಅವನ ಹೊರೆ ಇನ್ನೊಬ್ಬನ ಹೆಗಲಿಗೆ ಕೇಳದೆಯೇ ಬರುವಷ್ಟು ಬದ್ಧರೂ ಆಗಿರಬೇಕು; ಮತ್ತು ಈ ಎರಡಕ್ಕೂ ಮೂಲವಾಗಿ, ಯಾವ ಲೆಕ್ಕಕ್ಕೂ ಒಳಪಡದ ಅಲ್ಪವಾದ ನಿತ್ಯಬಂಧವೊಂದು ಮೊದಲೇ ಇದ್ದಿರಬೇಕು. ಆ ಬಂಧದ ಬಿಗಿಯನ್ನು ಹೊಂದಿಸುವುದು ಕಾರ್ಖಾನೆಯ ಮೇಜಿನ ಮೇಲೆ, ಅಚ್ಚನ್ನು ಬಿಚ್ಚಿ ಹರಡಿರುವಾಗ ಮಾತ್ರ ಸಾಧ್ಯ. ಘಾಟಿಯ ಕೆಸರಿನಲ್ಲಿ ಚಕ್ರ ಹೂತ ಮೇಲೆ ಯಾವ ಕುಶಲಿಯೂ ಅದನ್ನು ಒಳಗೆ ಸೇರಿಸಲಾರನು. ನಾಳೆ ಯಾರ ಕಾಲು ಜಾರುವುದೋ ನಮಗೆ ತಿಳಿಯದು. ಅದು ತಿಳಿಯದಿರುವ ಇಂದೇ ಪರಸ್ಪರ ಕಟ್ಟಿಕೊಳ್ಳುವುದು ಮನುಷ್ಯನು ತನ್ನ ಸ್ವಾತಂತ್ರ್ಯದಿಂದ ಮಾಡಬಹುದಾದ ಅತ್ಯುತ್ತಮ ವಿನಿಯೋಗವೆಂದು ನಾನು ನಂಬುತ್ತೇನೆ.